ಯಲ್ಲಪ್ಪ ಒಬ್ಬನೇ ನೂಕಿದ ಗಾಡಿ

ಕೊರೊನಾ ಮುಗಿದ ಎರಡನೆಯ ವರ್ಷ. ಆಗ ನನಗೆ ಐವತ್ತು ತುಂಬಿತ್ತು. ನರಗುಂದದಿಂದ ರೋಣಕ್ಕೆ ಹೋಗುವ ರಸ್ತೆಯಲ್ಲಿ, ಕಾಲುವೆಯ ಸೇತುವೆ ದಾಟಿದ ಕೂಡಲೇ ಎಡಕ್ಕೆ ನನ್ನ ಗ್ಯಾರೇಜು. ಐ.ಟಿ.ಐ. ಓದಿ, ಹುಬ್ಬಳ್ಳಿಯ ಸರ್ವಿಸ್ ಸ್ಟೇಶನ್ ಒಂದರಲ್ಲಿ ಹನ್ನೊಂದು ವರ್ಷ ದುಡಿದು, ಆಮೇಲೆ ಊರಿಗೆ ಬಂದು ಸ್ವಂತ ಕೆಲಸ ಹಾಕಿಕೊಂಡವನು ನಾನು. ಹೆಸರು ಮೌನೇಶ. ಜನ ಕರೆಯುವುದು ಮಿಸ್ತ್ರಿ ಎಂದು. ಟರ್ಬೊ ಇರುವ ಪೆಟ್ರೋಲ್ ಕಾರುಗಳು ನಮ್ಮ ಕಡೆ ಕಾಣಿಸಿಕೊಳ್ಳತೊಡಗಿದಾಗ ನರಗುಂದ, ರೋಣ, ಗಜೇಂದ್ರಗಡ ಮೂರೂ ಊರುಗಳಲ್ಲಿ ಅವುಗಳ ಬಾನೆಟ್ ಎತ್ತಲು ಧೈರ್ಯ ಮಾಡುತ್ತಿದ್ದವನು ನಾನೊಬ್ಬನೇ. ಆ ಹೆಸರಿನ ಸೊಕ್ಕು ನನಗಿತ್ತು. ಇಲ್ಲಿ ಹೇಳುವ ಸಂಗತಿಯಲ್ಲಿ ಆ ಸೊಕ್ಕಿಗೂ ಪಾಲಿದೆ.

ರುದ್ರಗೌಡರು ನಮ್ಮೂರಿನ ಹಳೆಯ ಜಮೀನ್ದಾರ ಮನೆತನದವರು. ನೀರಾವರಿ ಹೊಲ, ಮಾರ್ಕೆಟ್ಟಿನಲ್ಲಿ ಕಡಲೆ ಮತ್ತು ಗೋವಿನಜೋಳದ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿ. ನನಗಿಂತ ಐದಾರು ವರ್ಷ ಚಿಕ್ಕವರು. ಅವರು ಹೊಸದಾಗಿ ಕೊಂಡ ಬಿಳಿ ಟರ್ಬೊ ಕಾರಿನ ಸರ್ವಿಸ್ ನನ್ನಲ್ಲಿಯೇ ಆಗುತ್ತಿತ್ತು. ಒಂದು ದಿನ ಅವರು ಒಂದು ಪೆಟ್ಟಿಗೆ ತಂದು ನನ್ನ ಬೆಂಚಿನ ಮೇಲಿಟ್ಟರು. ಒಳಗೆ ಕೆಂಪು ಬಣ್ಣದ, ಅಂಗೈ ಅಗಲದ ಒಂದು ಬ್ಲೋ-ಆಫ್ ವಾಲ್ವ್ ಇತ್ತು.

ಇದೇನೆಂದು ಮೊದಲು ಹೇಳಬೇಕು. ಟರ್ಬೊ ಎಂದರೆ ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸಕ್ಕೆ ತಿರುಗುವ ಸಣ್ಣ ಫ್ಯಾನು. ಅದು ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಗಾಡಿಯ ಎಳೆತ ಹೆಚ್ಚು. ಆದರೆ ಓಡುವ ಗಾಡಿಯಲ್ಲಿ ಎಕ್ಸಲರೇಟರಿನಿಂದ ಗಕ್ಕನೆ ಕಾಲು ತೆಗೆದರೆ ಎಂಜಿನ್ನಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಒತ್ತಿಟ್ಟ ಗಾಳಿ ಹೋಗಲು ಜಾಗವಿಲ್ಲದೆ ತಿರುಗಿ ಬಂದು ಫ್ಯಾನಿಗೇ ಹೊಡೆಯುತ್ತದೆ. ಆ ಗಾಳಿಗೆ ದಾರಿ ಬಿಡುವುದೇ ಈ ವಾಲ್ವಿನ ಕೆಲಸ. ಕಂಪನಿಯ ವಾಲ್ವು ಗಾಳಿಯನ್ನು ಸದ್ದಿಲ್ಲದೆ ಮರಳಿ ಪೈಪಿಗೇ ಬಿಡುತ್ತದೆ. ಶೋಕಿಗೆ ಮಾರುವ ವಾಲ್ವು ಅದನ್ನು ಹೊರಗೆ ಉಗುಳುತ್ತದೆ. ಆಗ ಹಾವು ಬುಸುಗುಟ್ಟಿದಂತೆ ಸಪ್ಪಳ ಬರುತ್ತದೆ. ಎರಡರ ನೆತ್ತಿಗೂ ಎಂಜಿನ್ನಿನಿಂದ ಬರುವ, ಪೆನ್ಸಿಲ್ ದಪ್ಪದ ಒಂದು ರಬ್ಬರ್ ನಳಿ ಜೋಡಿಸಿರುತ್ತಾರೆ. ಅದರಲ್ಲಿನ ಒತ್ತಡವೇ ವಾಲ್ವನ್ನು ಮುಚ್ಚಿ ಹಿಡಿದಿರುತ್ತದೆ. ಆ ನಳಿ ಕಳಚಿತೆಂದರೆ ವಾಲ್ವು ತಾನೇ ತೆರೆದುಕೊಂಡು ಟರ್ಬೊ ತುಂಬಿದ ಗಾಳಿಯೆಲ್ಲ ಬಯಲಿಗೆ ಹೋಗುತ್ತದೆ.

"ಗೌಡ್ರ, ಈ ಗಾಡ್ಯಾಗ ಗಾಳಿ ಅಳಿಯೂ ಸೆನ್ಸರ್ ಐತ್ರಿ. ಅಳದ ಗಾಳಿನ್ನ ಹೊರಗ ಬಿಟ್ರ ಪೆಟ್ರೋಲ್ ಲೆಕ್ಕ ತಪ್ಪತೈತಿ. ಕಾಲ ತಗದಾಗ ಎಂಜಿನ್ ಬಂದ್ ಬೀಳಬಹುದು," ಎಂದು ನಾನು ಹೇಳಿದೆ.

"ಸಪ್ಪಳ ಬರತೈತೋ ಇಲ್ಲೋ, ಅಷ್ಟ ಹೇಳು."

"ಬರತೈತ್ರಿ."

"ಮತ್ತ್ಯಾಕ ತಡ? ಹಾಕು."

ಹಾಕಿದೆ. ಪೆಟ್ಟಿಗೆಯಲ್ಲಿದ್ದ ಉಕ್ಕಿನ ಕ್ಲ್ಯಾಂಪು ಆ ಸಣ್ಣ ನಳಿಗೆ ದೊಡ್ಡದಾಯಿತು. ಹುಬ್ಬಳ್ಳಿಯಿಂದ ಸರಿಯಾದ ಅಳತೆಯದು ಬರುವವರೆಗೆ ಇರಲಿ ಎಂದು ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಯಿಂದ ನಳಿಯನ್ನು ಬಿಗಿದೆ. ಅಲ್ಲಿಂದ ನಾಲ್ಕು ಬೆರಳು ಆಚೆಗೆ ಟರ್ಬೊದ ಕಾದು ಸುಡುವ ಕಬ್ಬಿಣ. ಪ್ಲಾಸ್ಟಿಕ್ ಅಲ್ಲಿ ಬಹಳ ದಿನ ತಾಳುವುದಿಲ್ಲವೆಂದು ನನಗೆ ಗೊತ್ತಿತ್ತು. ಮೂರನೆಯ ದಿನವೇ ಕ್ಲ್ಯಾಂಪು ಬಂತು. ಡ್ರಾವರಿಗೆ ಹಾಕಿದೆ. ಗೌಡರ ಗಾಡಿ ಮುಂದಿನ ಸಲ ಬಂದಾಗ ಹಾಕಿದರಾಯಿತು ಎಂದುಕೊಂಡೆ.

ಗೌಡರಿಗೆ ಆ ಸಪ್ಪಳ ಬಹಳ ಹಿಡಿಸಿತು. ಎತ್ತಿನ ಬಂಡಿಯ ಮಗ್ಗುಲಿಗೆ ಹೋದಾಗ ಬೇಕೆಂದೇ ಕಾಲು ತೆಗೆದು, ಎತ್ತುಗಳು ಬೆದರಿ ನೊಗ ಎಳೆದಾಡುವುದನ್ನು ನೋಡಿ ನಗುತ್ತಿದ್ದರು. ಅವರ ತಾಯಿ ನೀಲವ್ವನವರು ಅದಕ್ಕಾಗಿ ಮಗನಿಗೆ ಬೈಯುತ್ತಿದ್ದರಂತೆ. ಎಪ್ಪತ್ತೆಂಟರ ಮುದುಕಿ. ಅಮಾವಾಸ್ಯೆಗೊಮ್ಮೆ ಇಟಗಿಯ ಭೀಮಾಂಬಿಕೆಯ ಗುಡಿಗೆ ಹೋಗುವುದನ್ನು ತಪ್ಪಿಸಿದವರಲ್ಲ. ಹಾಗೆ ಹೋಗುವಾಗ ಮಗನ ಕೈಯಲ್ಲೂ ಗಾಡಿ ಕೊಡುತ್ತಿರಲಿಲ್ಲ, ಯಲ್ಲಪ್ಪನೇ ಬೇಕು.

ಯಲ್ಲಪ್ಪ ರೋಣದ ಕಡೆಯ ಸವಡಿಯವನು. ಗೌಡರ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಡ್ರೈವರ್. ನನಗಿಂತ ಮೂರು ವರ್ಷ ದೊಡ್ಡವನು. ಅಷ್ಟು ವರ್ಷಗಳಲ್ಲಿ ಅವನ ಕೈಯಲ್ಲಿ ಗಾಡಿಗೆ ಒಂದು ಗೀರು ಬಿದ್ದದ್ದನ್ನು ನಾನು ನೋಡಿಲ್ಲ. ನೀಲವ್ವನವರನ್ನು ಅವನು ಕರೆಯುತ್ತಿದ್ದುದು ಅವ್ವಾ ಎಂದು. ವಾಲ್ವು ಹಾಕಿದ ಎರಡು ತಿಂಗಳಿಗೆ ಅವನು ಒಂದು ಮಧ್ಯಾಹ್ನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದ.

"ಮಿಸ್ತ್ರಿ, ಆ ಸಪ್ಪಳದ್ದು ಹಾಕಿದಾಗಿಂದ ಗಾಡಿ ಒಂದ್ ನಮೂನಿ ಜರ್ಕ್ ಹೊಡಿತೈತ್ರಿ. ಒಂದೀಟು ತಗದು ನೋಡ್ರಲ್ಲ."

ನಾನು ಬೇರೊಂದು ಗಾಡಿಯ ಕೆಳಗೆ ಮಲಗಿದ್ದೆ. ಮುಖ ಹೊರಗೆ ಹಾಕದೆಯೇ, "ಹೊಸಾದ ಐತಿ ಯಲ್ಲಪ್ಪಣ್ಣ. ಹೊಂದ್ಕೋತೈತಿ, ಹೋಗು," ಎಂದೆ. ಕ್ಲ್ಯಾಂಪು ಇದ್ದ ಡ್ರಾವರು ನಾನು ಮಲಗಿದ ಜಾಗದಿಂದ ಆರು ಅಡಿ ದೂರದಲ್ಲಿತ್ತು.

ಅದಾದ ಮೂರು ವಾರಕ್ಕೆ, ಬೆಳಗಿನ ಹನ್ನೊಂದರ ಸುಮಾರಿಗೆ, ನೀಲವ್ವನವರಿಗೆ ಎದೆ ನೋವು ಕಾಣಿಸಿಕೊಂಡಿತು. ಊರಿನ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ತಡ ಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಗೌಡರು ಅಡತಿ ಕೆಲಸಕ್ಕೆಂದು ಬೆಳಿಗ್ಗೆಯೇ ಹುಬ್ಬಳ್ಳಿಗೆ ಹೋಗಿದ್ದವರು ನೇರವಾಗಿ ಅಲ್ಲಿನ ದವಾಖಾನೆಯ ಬಾಗಿಲಲ್ಲಿ ನಿಂತರು. ಮುದುಕಿಯನ್ನೂ ಗೌಡರ ಹೆಂಡತಿಯನ್ನೂ ಕೂರಿಸಿಕೊಂಡು ಯಲ್ಲಪ್ಪ ಬಿಳಿ ಕಾರು ಹೊರಡಿಸಿದ. ಐವತ್ತೈದು ಕಿಲೋಮೀಟರ್. ಅವನು ಒತ್ತಿ ಓಡಿಸಿದರೆ ಐವತ್ತು ನಿಮಿಷದ ದಾರಿ.

ನವಲಗುಂದ ಇನ್ನೂ ಮುಂದಿರುವಾಗಲೇ ಗಾಡಿಯ ಎಳೆತ ಹೋಯಿತು. ಕಾಲು ಒತ್ತಿದರೆ ಬುಸ್ಸೆಂದು ಗಾಳಿ ಹೊರಗೆ, ಹಿಂದೆ ಕಪ್ಪು ಹೊಗೆ. ಕಾಲು ತೆಗೆದರೆ ಎಂಜಿನ್ ಬಂದ್. ಮತ್ತೆ ಚಾಲೂ ಮಾಡಿ, ಇಪ್ಪತ್ತರ ವೇಗದಲ್ಲಿ ತೆವಳಿ, ಮತ್ತೆ ಬಂದ್. ನಲವತ್ತು ನಿಮಿಷ ಹೀಗೆ ಕಳೆದವು. ಕೊನೆಗೆ ಯಲ್ಲಪ್ಪ ರಸ್ತೆಗೆ ಅಡ್ಡ ನಿಂತು ಒಂದು ಟೆಂಪೊ ತಡೆದು, ಮುದುಕಿಯನ್ನು ಎರಡೂ ಕೈಯಲ್ಲಿ ಎತ್ತಿ ಅದರಲ್ಲಿ ಮಲಗಿಸಿದ. ಹುಬ್ಬಳ್ಳಿ ಮುಟ್ಟಿದಾಗ ಒಂದೂವರೆ. ಎರಡು ಗಂಟೆಗೆ ಅವರು ತೀರಿಕೊಂಡರು. ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಡಾಕ್ಟರುಗಳು ಎಷ್ಟೋ ಸಲ ಹೇಳುವ ಮಾತು. ಮೊದಲೇ ಮುಟ್ಟಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಮಗನ ಕಿವಿಗೆ ಬಿದ್ದದ್ದು ಆ ಮಾತು.

ಇದೊಂದೂ ನನಗೆ ಆಗ ತಿಳಿದಿರಲಿಲ್ಲ. ಎರಡೂವರೆಗೆ ನಾನು ರೊಟ್ಟಿ ಮುರಿಯುತ್ತಿದ್ದಾಗ ಗೌಡರ ಫೋನು ಬಂತು. ದನಿ ಬಹಳ ತಣ್ಣಗಿತ್ತು.

"ಮಿಸ್ತ್ರಿ, ಗಾಡಿ ದಾರ್‍ಯಾಗ ಕೈಕೊಟ್ಟೈತಿ. ಎಳಿಯವಲ್ದು, ಕರೀ ಹೊಗಿ. ಏನಾಗಿರಬೇಕು?"

"ಟರ್ಬೊ ಹೋಗಿರಬೇಕ್ರಿ. ಜೋರ ಓಡಿಸಿ ಗಕ್ಕನ ಬಂದ್ ಮಾಡಿದ್ರ ಹಂಗ ಆಕ್ಕೈತಿ. ಒಂದ್ ನಿಮಿಷ ಸುಮ್ನ ಚಾಲೂ ಇಟ್ಟು ಆಮ್ಯಾಲ ಬಂದ್ ಮಾಡ್ರಿ ಅಂತ ಈ ಡ್ರೈವರಗೋಳಿಗೆ ಎಷ್ಟ್ ಹೇಳಿದ್ರೂ ಅಷ್ಟ."

"ಅಂದ್ರ ಯಲ್ಲಪ್ಪನ ತಪ್ಪು?"

"ಮತ್ತ್ಯಾರದ್ರಿ?"

ಫೋನು ಇಟ್ಟರು. ನಾನು ರೊಟ್ಟಿ ತಿಂದು ಮುಗಿಸಿದೆ. ಗಾಡಿಯನ್ನು ನೋಡಿರಲಿಲ್ಲ, ಮುಟ್ಟಿರಲಿಲ್ಲ. ಅದು ಎಲ್ಲಿ ನಿಂತಿದೆ ಎಂದು ಕೂಡ ಕೇಳಿರಲಿಲ್ಲ.

ಸಾವಿನ ಸುದ್ದಿ ಊರಿಗೆ ಬಂದದ್ದು ನಾಲ್ಕಕ್ಕೆ. ಐದರ ಹೊತ್ತಿಗೆ ನಾನು ಗೌಡರ ಮನೆಯ ಮುಂದಿದ್ದೆ. ಮಾರ್ಕೆಟ್ಟಿನ ವ್ಯಾಪಾರಸ್ಥರು, ಹಮಾಲರು, ಓಣಿಯ ಹೆಂಗಸರು ಎಲ್ಲ ಸೇರಿದ್ದರು. ಪಡಸಾಲೆಯಲ್ಲಿ ಮುದುಕಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಬಿಳಿ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಮನೆಯ ಎದುರು ಬಿಟ್ಟಿದ್ದರು. ಯಲ್ಲಪ್ಪ ಗೇಟಿನ ಹೊರಗೆ ನಿಂತಿದ್ದ. ಕೈಯಲ್ಲೊಂದು ಹೂವಿನ ಹಾರ. ಒಳಗೆ ಹೋಗಲು ಯಾರಾದರೂ ಬಾ ಎನ್ನುವರೇನೋ ಎಂದು ಕಾಯುತ್ತಿದ್ದವನಂತೆ ಕಂಡ.

ಗೌಡರು ಹೊರಗೆ ಬಂದರು. ಅವನ ಕೈಯಿಂದ ಹಾರ ಕಸಿದು ಗಟಾರಕ್ಕೆ ಎಸೆದರು.

"ನಮ್ಮವ್ವನ್ನ ಕೊಂದಾವ ನೀ. ನಿನ್ನ ಹೂವ ಆಕಿಗೆ ಮುಟ್ಟಬಾರ್ದು."

"ಗೌಡ್ರ, ಗಾಡಿ ತಾನಾ ಬಂದ್ ಬೀಳಾಕತ್ತಿತ್ರಿ. ನಾ ಏನ್ ಮಾಡ್ಲಿ? ಅಕ್ಕಾರನ್ನ ಕೇಳ್ರಿ, ಅವ್ರೂ ಇದ್ರು..." ಯಲ್ಲಪ್ಪ ಗೌಡರ ಹೆಂಡತಿಯ ಕಡೆ ನೋಡಿದ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

"ನಾ ಹೇಳೂ ಮಾತಲ್ಲ ಇದು. ಮಿಸ್ತ್ರಿ ಹೇಳ್ಯಾನ." ಗೌಡರು ಗುಂಪಿನಲ್ಲಿದ್ದ ನನ್ನತ್ತ ಬೆರಳು ಮಾಡಿದರು. "ಹೇಳು ಮಿಸ್ತ್ರಿ. ಟರ್ಬೊ ಯಾರಿಂದ ಹೋತು?"

ನೂರಾರು ಕಣ್ಣು ನನ್ನ ಮೇಲೆ. ತಗದು ನೋಡಿಲ್ಲ ಗೌಡ್ರ ಎಂದು ಹೇಳಬಹುದಿತ್ತು. ಅಷ್ಟೇ ಸಾಕಿತ್ತು. ಅದನ್ನು ಹೇಳಿದರೆ ಫೋನಿನಲ್ಲಿ ನೋಡದೇ ಹೇಳಿದೆ ಎಂದಾಗುತ್ತಿತ್ತು; ಮೂರೂರಿಗೆ ಒಬ್ಬನೇ ಎನಿಸಿಕೊಂಡ ಮಿಸ್ತ್ರಿಯ ಮರ್ಯಾದೆ ಹೋಗುತ್ತಿತ್ತು. ನಾನು ತಲೆ ತಗ್ಗಿಸಿದೆ. ಜನ ಅದನ್ನು ಹೌದು ಎಂದು ಓದಿಕೊಂಡರು. ಅವರು ಹಾಗೆ ಓದಿಕೊಳ್ಳಲೆಂದೇ ನಾನು ತಗ್ಗಿಸಿದ್ದು.

ಗೌಡರು ಕಾರಿನ ಬಾಗಿಲು ತೆರೆದರು. "ಮಿಸ್ತ್ರಿ, ಸ್ಟೇರಿಂಗಿಗೆ ಕುಂಡ್ರು. ಯಲ್ಲ್ಯಾ, ಇದನ್ನ ಗ್ಯಾರೇಜಿನ ಮಟಾ ನೂಕು. ಒಬ್ಬನಾ ನೂಕಬೇಕು. ಯಾರರ ಕೈ ಹಚ್ಚಿದ್ರ ಅವ್ರು ನಾಳಿಂದ ನಮ್ಮ ಅಂಗಡಿ ಹೊಸ್ತಲಾ ತುಳಿಬ್ಯಾಡ್ರಿ."

ಹತ್ತೊಂಬತ್ತು ವರ್ಷ ಅವರು ಅವನನ್ನು ಯಲ್ಲಪ್ಪ ಎಂದೇ ಕರೆದಿದ್ದರು.

ಮನೆಯಿಂದ ಗ್ಯಾರೇಜಿಗೆ ಒಂದೂವರೆ ಕಿಲೋಮೀಟರ್. ಕಾರಿನ ತೂಕ ಸಾವಿರದ ಇನ್ನೂರು ಕಿಲೋ, ಮೇಲೆ ನಾನು. ಗಾಡಿ ಚಾಲೂ ಮಾಡಿದ್ದರೆ ಕುಂಟುತ್ತಲಾದರೂ ಬರುತ್ತಿತ್ತೇನೋ. ಅದು ಯಾರಿಗೂ ಬೇಕಿರಲಿಲ್ಲ. ನಾನು ಒಳಗೆ ಕುಳಿತೆ. ಯಲ್ಲಪ್ಪ ಹಿಂದೆ ಹೋಗಿ ಡಿಕ್ಕಿಗೆ ಎರಡೂ ಅಂಗೈ ಊರಿದ.

ಬಜಾರದಲ್ಲಿ ಅಂಗಡಿಯವರು ಎದ್ದು ಬಂದು ನಿಂತು ನೋಡಿದರು. ಕೆಲವರು ಮೊಬೈಲು ಎತ್ತಿ ಹಿಡಿದರು. ಹಿಂದೆ ಅವನ ಉಸಿರು ಕೇಳಿಸುತ್ತಿತ್ತು. ಕನ್ನಡಿಯಲ್ಲಿ ಅವನ ನೆತ್ತಿ ಮಾತ್ರ ಕಾಣುತ್ತಿತ್ತು. ಮುಖವನ್ನು ಎರಡೂ ತೋಳುಗಳ ನಡುವೆ ಇಳಿಬಿಟ್ಟಿದ್ದ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಅವನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಬಿಟ್ಟು ಬರಿಗಾಲಲ್ಲಿ ನೂಕಿದ. ಕಾಲುವೆ ಸೇತುವೆಗೆ ಏರುವ ಸಣ್ಣ ದಿನ್ನೆಯಲ್ಲಿ ಗಾಡಿ ನಿಂತೇಬಿಟ್ಟಿತು. ಅವನು ಭುಜ ಕೊಟ್ಟು ನೂಕಿದ. ಒಂದು ಗೇಣು ಹೋಯಿತು, ನಿಂತಿತು. ಮತ್ತೊಂದು ಗೇಣು.

ಆಗ ಹಿಂದಿನಿಂದ ಅವನ ದನಿ ಬಂತು. ಸಿಟ್ಟಿನ ದನಿಯಲ್ಲ, ಕೆಲಸದ ದನಿ.

"ಮಿಸ್ತ್ರಿ, ಬ್ರೇಕಿನ ಮ್ಯಾಲಿಂದ ಕಾಲ ತಗೀರಿ."

ನೋಡಿಕೊಂಡೆ. ನನ್ನ ಬಲಗಾಲು ಬ್ರೇಕಿನ ಮೇಲಿತ್ತು. ಯಾವಾಗಿನಿಂದ ಇತ್ತೋ ನನಗೆ ಗೊತ್ತಿಲ್ಲ. ಹೆದರಿಕೆಗೆ ಅದು ತಾನೇ ಅಲ್ಲಿ ಹೋಗಿ ಕುಳಿತಿತ್ತು. ಎಷ್ಟು ದೂರ ಅವನು ನನ್ನ ಬ್ರೇಕಿನ ವಿರುದ್ಧ ನೂಕಿದ್ದನೋ. ಕಾಲು ತೆಗೆದೆ.

ಗ್ಯಾರೇಜು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಯಲ್ಲಪ್ಪ ನಳದ ಹತ್ತಿರ ಕುಳಿತು ನೀರು ಕುಡಿಯತೊಡಗಿದ. ಅರ್ಧ ನೀರು ಅಂಗಿಯ ಮೇಲೆ ಬಿತ್ತು. ನಾನು ಬಾನೆಟ್ ಎತ್ತಿದೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. ಕೆಂಪು ವಾಲ್ವಿನ ನೆತ್ತಿಯಿಂದ ಸಣ್ಣ ನಳಿ ಕಳಚಿ ಜೋತಾಡುತ್ತಿತ್ತು. ನಾನು ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಕಾವಿಗೆ ಒಣಗಿ, ಎರಡು ತುಂಡಾಗಿ ಎಂಜಿನ್ನಿನ ಸಂದಿಯಲ್ಲಿ ಬಿದ್ದಿತ್ತು. ಟರ್ಬೊದ ಫ್ಯಾನನ್ನು ಬೆರಳಲ್ಲಿ ತಿರುಗಿಸಿ ನೋಡಿದೆ. ಹೂವಿನ ಹಾಗೆ ಹಗುರಾಗಿ ತಿರುಗಿತು. ಅದಕ್ಕೆ ಏನೂ ಆಗಿರಲಿಲ್ಲ.

ಯಲ್ಲಪ್ಪ ನೀರಿನ ಕೈ ಒರೆಸಿಕೊಳ್ಳುತ್ತ ಬಂದ. "ಏನಾಗೇತ್ರಿ?"

ನಾನು ಬಾನೆಟ್ ಇಳಿಸಿದೆ. "ನಾಳೆ ನೋಡೂಣು. ನೀ ಮನಿಗೆ ಹೋಗು."

ಅವನು ನನ್ನ ಮುಖ ನೋಡಿದ. ಆಮೇಲೆ ಬರಿಗಾಲಲ್ಲಿ ರೋಣದ ರಸ್ತೆ ಹಿಡಿದ. ಹಾರ ಕಸಿದುಕೊಂಡವರು ಗೌಡರು, ನೂಕಿಸಿದವರು ಗೌಡರು. ಅವರು ತಾಯಿಯನ್ನು ಕಳೆದುಕೊಂಡ ಸಂಕಟದಲ್ಲಿದ್ದರು. ನಾನು ಬಾನೆಟ್ ಇಳಿಸಿದ್ದು ಯಾವ ಸಂಕಟದಲ್ಲಿ? ಆ ದಿನ ನಡೆದ ಕ್ರೌರ್ಯಗಳಲ್ಲಿ ಎಲ್ಲಕ್ಕಿಂತ ತಣ್ಣಗಿನದು ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮರುದಿನ ಮಣ್ಣು ಮುಗಿಸಿ ಬಂದು ಕೆಲಸಕ್ಕೆ ಕೈ ಹಾಕಿದೆ. ಕಂಪನಿಯ ಹಳೆಯ ವಾಲ್ವನ್ನು ನಾನು ಎತ್ತಿಟ್ಟಿದ್ದೆ. ಬ್ಯಾಟರಿಯ ವೈರು ಬಿಚ್ಚಿ, ಗಾಳಿಯ ಪೈಪು ಸಡಿಲಿಸಿ, ಕೆಂಪು ವಾಲ್ವಿನ ಎರಡು ಬೋಲ್ಟು ತೆಗೆದೆ. ಹಳೆಯ ವಾಲ್ವಿನ ರಬ್ಬರ್ ಪೊರೆ ಹರಿದಿಲ್ಲವೆಂದು ಬಾಯಿಂದ ಊದಿ ಪರೀಕ್ಷಿಸಿದೆ. ಕೂರುವ ಜಾಗದ ಮಸಿ ಒರೆಸಿ, ಹೊಸ ರಬ್ಬರ್ ಓ-ರಿಂಗ್ ಇಟ್ಟು, ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ ಅಳತೆಗೆ ಬಿಗಿದೆ. ಗಾಳಿಯನ್ನು ಮರಳಿ ಒಯ್ಯುವ ಪೈಪು ಜೋಡಿಸಿದೆ. ಕೊನೆಗೆ ಸಣ್ಣ ನಳಿಯ ತುದಿಯನ್ನು ಅರ್ಧ ಇಂಚು ಕತ್ತರಿಸಿ, ವಾಲ್ವಿನ ನೆತ್ತಿಗೆ ಏರಿಸಿ, ಡ್ರಾವರು ಎಳೆದು ಆ ಕ್ಲ್ಯಾಂಪು ತೆಗೆದು ಹಾಕಿದೆ. ಸ್ಕ್ರೂ ಬಿಗಿಯಲು ಅರ್ಧ ನಿಮಿಷ ಹಿಡಿಯಿತು. ಎಲ್ಲ ಸೇರಿ ನಲವತ್ತು ನಿಮಿಷದ ಕೆಲಸ. ರಸ್ತೆಗೆ ಒಯ್ದು ಓಡಿಸಿದೆ. ಸದ್ದಿಲ್ಲದೆ, ಬಾಣದ ಹಾಗೆ ಹೋಯಿತು.

ಹನ್ನೊಂದನೆಯ ದಿನ ಗೌಡರು ಗಾಡಿ ಒಯ್ಯಲು ಬಂದರು. ಅಷ್ಟರಲ್ಲಿ ಯಲ್ಲಪ್ಪ ಗಾಡಿ ನೂಕಿದ ವಿಡಿಯೊ ಊರೂರು ಸುತ್ತಿತ್ತು. ಮುದುಕಿಯನ್ನು ಕೊಂದ ಡ್ರೈವರ್ ಎಂದು ಅದರ ಮೇಲೆ ಬರೆದಿದ್ದರು. ನಾನು ಕೆಂಪು ವಾಲ್ವನ್ನೂ ಪಟ್ಟಿಯ ಎರಡು ತುಂಡನ್ನೂ ಬಟ್ಟೆಯ ಮೇಲೆ ಇಟ್ಟು ಎಲ್ಲವನ್ನೂ ಹೇಳಿದೆ. ಟರ್ಬೊ ಹೋಗಿರಲಿಲ್ಲ. ಪಟ್ಟಿ ನನ್ನದು. ಯಲ್ಲಪ್ಪ ಮೊದಲೇ ಬಂದು ಹೇಳಿದ್ದ, ನಾನು ನೋಡಲಿಲ್ಲ.

ಗೌಡರು ಬಹಳ ಹೊತ್ತು ಕೆಂಪು ವಾಲ್ವನ್ನು ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೂ ಅನ್ನಿಸಿತ್ತು.

"ಇದನ್ನ ಹಾಕು ಅಂದಾವ ನಾನು," ಎಂದರು.

"ಕಟ್ಟಿದಾವ ನಾನ್ರಿ."

"ನಮ್ಮವ್ವ ಇದಕ್ಕ ಬೈತಿದ್ಲು." ಬಟ್ಟೆಯ ನಾಲ್ಕೂ ತುದಿ ಸೇರಿಸಿ ಗಂಟು ಕಟ್ಟಿದರು. "ಮಿಸ್ತ್ರಿ, ಈ ಮಾತು ನಿನ್ನ ಗೇಟ್ ದಾಟಬಾರ್ದು. ಯಲ್ಲ್ಯಾ ಕೊಂದಾನಂದ್ರ ನನಗ ನಿದ್ದಿ ಬರತೈತಿ. ನಾ ಕೊಂದೇನಿ ಅಂದ್ರ ಬರೂದಿಲ್ಲ. ಅಂವ ಹ್ಯಾಂಗರ ಬದಕ್ತಾನ. ನಾ ಬದುಕೂದು ನೋಡು."

ಗಂಟನ್ನು ಒಯ್ದರು. ನಾನು ಬೇಡ ಎನ್ನಲಿಲ್ಲ. ಆಮೇಲೆ ಏಳು ತಿಂಗಳು ನಾನು ಗೇಟಿನೊಳಗೇ ಆ ಮಾತನ್ನು ಇಟ್ಟುಕೊಂಡೆ. ಈ ಏಳು ತಿಂಗಳಲ್ಲಿ ಯಲ್ಲಪ್ಪನಿಗೆ ಯಾರೂ ಗಾಡಿ ಕೊಡಲಿಲ್ಲ. ರೋಣದಲ್ಲಿ ಒಬ್ಬರು ಶಾಲೆಯ ವ್ಯಾನಿಗೆ ಇಟ್ಟುಕೊಂಡು, ತಾಯಂದಿರು ವಿಡಿಯೊ ತೋರಿಸಿ ಜಗಳ ತೆಗೆದಾಗ ಎರಡೇ ದಿನಕ್ಕೆ ಬಿಡಿಸಿದರು. ಅದನ್ನು ಕೇಳಿದ ವಾರವೇ ನಾನು ಬೈಕ್ ಹತ್ತಿ ಸವಡಿಗೆ ಹೋದೆ.

ಯಲ್ಲಪ್ಪ ಮನೆಯಲ್ಲಿರಲಿಲ್ಲ, ಯಾರದೋ ಹೊಲಕ್ಕೆ ಉಳ್ಳಾಗಡ್ಡಿ ಕೀಳಲು ಹೋಗಿದ್ದ. ಅವನ ಹೆಂಡತಿ ಗಂಗವ್ವ ಕಂಬಳಿ ಹಾಸಿ ಕೂರಿಸಿ ಚಹಾ ಕೊಟ್ಟಳು.

"ಅಷ್ಟ್ ವರ್ಷ ಇವ್ರು ನರಗುಂದದಾಗ ಇದ್ರು. ಒಬ್ರರ ಬಂದು ಮಾತಾಡಸ್ಲಿಲ್ರಿ. ನೀವಾ ಮೊದಲ ಬಂದವ್ರು ನೋಡ್ರಿ ಅಣ್ಣಾರ," ಎಂದಳು.

ನಾನು ಕಪ್ಪನ್ನು ಕೈಯಲ್ಲೇ ಹಿಡಿದು ಕುಳಿತೆ. ಅಷ್ಟರಲ್ಲಿ ಯಲ್ಲಪ್ಪ ಬಂದ. ಮೈ ಇಳಿದುಹೋಗಿತ್ತು. ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. ನಾನು ಎಲ್ಲ ಹೇಳಿದೆ. ಪಟ್ಟಿ, ಡ್ರಾವರು, ಫೋನು, ಬಾನೆಟ್ ಇಳಿಸಿದ್ದು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಗಂಗವ್ವ ಎದ್ದು ಬಂದು ನನ್ನ ಕೈಯಲ್ಲಿದ್ದ ಅರ್ಧ ತುಂಬಿದ ಕಪ್ಪನ್ನು ತೆಗೆದುಕೊಂಡು, ಅಂಗಳಕ್ಕೆ ಚೆಲ್ಲಿ, ಒಳಗೆ ಹೋದಳು.

ಯಲ್ಲಪ್ಪ ಅಳಲಿಲ್ಲ, ಬೈಯಲಿಲ್ಲ.

"ನನಗ್ಯಾಕ ಹೇಳಾಕ ಬಂದೀರಿ?" ಎಂದ. "ನಾ ಮಾಡಿಲ್ಲಂತ ನನಗ ಅವತ್ತಾ ಗೊತ್ತಿತ್ರಿ. ಗೊತ್ತಿಲ್ಲದವ್ರಿಗೆ ಹೋಗಿ ಹೇಳ್ರಿ."

ಹಿಂದೆಯೇ ಮತ್ತೊಂದು ಮಾತು ಸೇರಿಸಿದ. "ಇಲ್ಲಿ ಅತ್ತು ಹಗರಾಗಿ ಹೋಗಬ್ಯಾಡ್ರಿ."

ಮರುದಿನ ಬೆಳಿಗ್ಗೆ ನಾನು ಮಾರ್ಕೆಟ್ ಗೇಟಿನ ಚಹಾದಂಗಡಿಗೆ ಹೋದೆ. ಲಾರಿ, ಟೆಂಪೊ, ಕಾರು ಓಡಿಸುವವರೆಲ್ಲ ಕೂಡುವ ಜಾಗ ಅದು. ಇಪ್ಪತ್ತು ಮಂದಿಯಾದರೂ ಇದ್ದರು. ನಿಂತು, ಗಟ್ಟಿ ದನಿಯಲ್ಲಿ, ಯಲ್ಲಪ್ಪನದು ತಪ್ಪಿರಲಿಲ್ಲ, ತಪ್ಪು ನನ್ನದು ಎಂದು ಆದದ್ದನ್ನೆಲ್ಲ ಹೇಳಿದೆ. ಎಲ್ಲರೂ ಕೇಳಿದರು. ನನಗೆ ಏನು ನಿರೀಕ್ಷೆ ಇತ್ತೋ, ಅದಾಗಲಿಲ್ಲ. ಒಬ್ಬ ಹೌದಾ ಎಂದು ಬೀಡಿ ಹಚ್ಚಿದ. ಇನ್ನೊಬ್ಬ, ಗೌಡ್ರಿಗೂ ಮಿಸ್ತ್ರಿಗೂ ಏನೋ ಹರದೈತಿ ಎಂದು ಪಕ್ಕದವನಿಗೆ ಪಿಸುಗುಟ್ಟಿದ. ಮೂಲೆಯಲ್ಲಿದ್ದ ಒಬ್ಬ ಹಿರಿಯ ಲಾರಿ ಡ್ರೈವರ್ ಮಾತ್ರ ನನ್ನನ್ನು ನೇರವಾಗಿ ನೋಡಿದ.

"ಅಂವ ನೂಕೂ ಮುಂದ ನೀ ಒಳಗ ಕುಂತಿದ್ಯಲ್ಲೋ. ಅವತ್ತ ಇಳದು ಹೇಳಿದ್ರ ನಾವೂ ಕೈ ಹಚ್ಚತಿದ್ವಿ."

ನಾನು ಅಲ್ಲಿಂದ ಗ್ಯಾರೇಜಿಗೆ ಬಂದೆ.

ಸುದ್ದಿ ಮಧ್ಯಾಹ್ನದೊಳಗೆ ಗೌಡರಿಗೆ ಮುಟ್ಟಿತು. ಮಿಸ್ತ್ರಿಗೆ ತಲೆ ಕೆಟ್ಟಿದೆ ಎಂದು ಅವರು ಅಂದರು. ವಾಲ್ವು ಎಲ್ಲಿದೆ, ತೋರಿಸಲಿ ಎಂದರು. ಅದು ನನ್ನ ಹತ್ತಿರ ಇರಲಿಲ್ಲ. ಅರ್ಧ ಊರು ಅವರನ್ನು ನಂಬಿತು, ಉಳಿದ ಅರ್ಧಕ್ಕೆ ಇದು ಬೇಕಿರಲಿಲ್ಲ. ಯಾರೂ ಆ ವಿಡಿಯೊ ಅಳಿಸಲಿಲ್ಲ. ಯಾರೂ ಸವಡಿಗೆ ಹೋಗಿ ಯಲ್ಲಪ್ಪನನ್ನು ಕರೆತರಲಿಲ್ಲ. ಸುಳ್ಳನ್ನು ಊರು ಒಂದು ಸಂಜೆಯಲ್ಲಿ, ಒಂದೂವರೆ ಕಿಲೋಮೀಟರಿನಲ್ಲಿ ಕಲಿತಿತ್ತು. ಖರೇ ಮಾತನ್ನು ಕಲಿಸಲು ನಾನು ಅದೇ ಬಜಾರದಲ್ಲಿ ಅಂಗಡಿಯಿಂದ ಅಂಗಡಿಗೆ ಹೋದೆ. ಹದಿನೈದು ದಿನ. ಕೊನೆಕೊನೆಗೆ ನನ್ನನ್ನು ಕಂಡರೆ ಜನ ಎದ್ದು ಒಳಗೆ ಹೋಗುತ್ತಿದ್ದರು.

ಹೋದ ವರ್ಷ ಗಜೇಂದ್ರಗಡದ ಗುಡ್ಡದ ಮೇಲಿನ, ಕರೆಂಟು ತಯಾರಿಸುವ ಗಾಳಿಕಂಬಗಳ ಸೈಟಿನಿಂದ ಒಂದು ಜೀಪು ರಿಪೇರಿಗೆ ಕರೆ ಬಂತು. ಬೈಕಿನಲ್ಲಿ ಗುಡ್ಡ ಹತ್ತಿದೆ. ಗೇಟಿನಲ್ಲಿ ಖಾಕಿ ಅಂಗಿ ಹಾಕಿಕೊಂಡು ಯಲ್ಲಪ್ಪ ಕುಳಿತಿದ್ದ. ಅವನು ರಜಿಸ್ಟರ್ ತೆರೆದು, ಪೆನ್ನು ಹಿಡಿದು, ನನ್ನ ಕಡೆ ನೋಡಿದ.

"ಹೆಸರು ಹೇಳ್ರಿ."

"ಯಲ್ಲಪ್ಪಣ್ಣ..."

"ನಿಮ್ಮ ಹೆಸರ ಹೇಳ್ರಿ."

"ಮೌನೇಶ."

"ಕೆಲಸ?"

"ಮಿಸ್ತ್ರಿ."

ಬರೆದುಕೊಂಡ. ಗೇಟು ತೆರೆದ. ನಾನು ವಾಪಸು ಬರುವಾಗಲೂ ಹಾಗೆಯೇ, ಹೊರಹೋದ ವೇಳೆ ಬರೆದು, ಸಹಿಗೆ ಬೆರಳಿಟ್ಟು ಜಾಗ ತೋರಿಸಿದ.

ಬಿಚ್ಚಿ ನೋಡದೆ ಕಾರಣ ಹೇಳಬಾರದು ಎಂಬುದನ್ನು ಐ.ಟಿ.ಐ.ಯ ಮೊದಲ ವಾರದಲ್ಲೇ ಕಲಿಸುತ್ತಾರೆ. ನನಗೂ ಕಲಿಸಿದ್ದರು. ಹಾಗಾಗಿ ಈ ಪ್ರಕರಣ ಅದನ್ನು ಕಲಿಸಿತು ಎಂದರೆ ನಾನು ಮತ್ತೆ ಸುಳ್ಳು ಹೇಳಿದಂತೆ. ಮೂವತ್ತು ವರ್ಷದ ಕೆಲಸದಲ್ಲಿ ನನಗೆ ಇದೊಂದರಿಂದಲೇ ತಿಳಿದದ್ದು ಬೇರೆ. ನ್ಯಾಯಾಧೀಶನ ಮಾತಿಗೆ ಮೇಲಿನ ಕೋರ್ಟು ಇದೆ. ಮಿಸ್ತ್ರಿಯ ಮಾತಿಗೆ ಇಲ್ಲ. ಬಾನೆಟ್ಟಿನ ಒಳಗೆ ಏನಿದೆ ಎಂದು ಜನರಿಗೆ ತಿಳಿಯದು, ಆದ್ದರಿಂದ ನಾವು ಹೇಳಿದ್ದನ್ನು ಅವರು ನಂಬುತ್ತಾರೆ, ಯಾರನ್ನು ತೋರಿಸಿದರೆ ಅವರಿಗೆ ಹೊಡೆಯುತ್ತಾರೆ. ಈಗ ನಾನು ಗಾಡಿ ಬಿಚ್ಚಿದಾಗ ಮಾಲೀಕನನ್ನೂ ಡ್ರೈವರನನ್ನೂ ಇಬ್ಬರನ್ನೂ ಮಗ್ಗುಲಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಕೆಟ್ಟ ಭಾಗವನ್ನು ಡ್ರೈವರನ ಕೈಗೆ ಮೊದಲು ಕೊಡುತ್ತೇನೆ. ಹಿಂದೆ ನಾನು ಮಾಡಿದ ಕೆಲಸವೇ ಕೆಟ್ಟಿದ್ದರೆ, ಬಾನೆಟ್ ಇನ್ನೂ ಎತ್ತಿದ್ದಾಗಲೇ ಹೇಳಿಬಿಡುತ್ತೇನೆ. ಒಮ್ಮೆ ಇಳಿಸಿದ ಮೇಲೆ ಹೇಳುವುದು ನನ್ನಿಂದ ಆಗುವುದಿಲ್ಲವೆಂದು ನನಗೆ ಗೊತ್ತಾಗಿದೆ.